ಚೆಂಡೆ ಬಿದ್ದರೂ ಶ್ರುತಿ ತಗ್ಗುತ್ತಿಲ್ಲ: ಸ್ಯಾಂಪ್ಲರ್‌ನಲ್ಲಿ ಸೈಡ್‌ಚೈನ್, ಪ್ಯಾರಲಲ್ ಕಂಪ್ರೆಶನ್ ಕೈಕೊಟ್ಟಾಗ

ಬದಿಯಡ್ಕದ ಕಡೆ ನಮ್ಮ ಮನೆಯ ಅಟ್ಟದಲ್ಲಿ ಒಂದು ಮೇಜು, ಅದರ ಮೇಲೆ ಒಂದು ಹಾರ್ಡ್‌ವೇರ್ ಸ್ಯಾಂಪ್ಲರ್, ಅಂದರೆ ರೆಕಾರ್ಡ್ ಮಾಡಿದ ಸದ್ದನ್ನು ಪ್ಯಾಡ್ ಒತ್ತಿ ಬಾರಿಸುವ ಯಂತ್ರ. ಒಂದು ಪ್ಯಾಡ್‌ನಲ್ಲಿ ಚೆಂಡೆ, ಇನ್ನೊಂದರಲ್ಲಿ ಮದ್ದಳೆ, ಮೂರನೆಯದರಲ್ಲಿ ಹಾರ್ಮೋನಿಯಂ ಶ್ರುತಿ. ಚೆಂಡೆಯ ಪೆಟ್ಟು ಬಿದ್ದಾಗ ಶ್ರುತಿ ಸ್ವಲ್ಪ ತಗ್ಗಿ ದಾರಿ ಬಿಡಬೇಕು, ಮತ್ತೆ ಏಳಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಮೊದಲ ಸಲ ಇದಕ್ಕೆ ಎರಡು ರಾತ್ರಿ ಹೋಯಿತು. ಕೊನೆಗೆ ಸಿಕ್ಕಿದ ದೋಷ ಏನು ಅಂತ ಮುಂದೆ ಹೇಳುತ್ತೇನೆ, ನಗಬೇಡಿ.

ನಮ್ಮ ತೆಂಕುತಿಟ್ಟಿನ ಯಕ್ಷಗಾನದ ಆಟ ನೋಡಿದವರಿಗೆ ಈ ಕೆಲಸ ಹೊಸದಲ್ಲ. ಭಾಗವತರು ನಿಧಾನದ ಪದ ಹೇಳುವಾಗ ಮದ್ದಳೆ ಜೊತೆಗೆ ಹೋಗುತ್ತದೆ, ಚೆಂಡೆ ಕೈ ತಡೆಯುತ್ತದೆ. ಬಿಡ್ತಿಗೆ ಎಂಬ ಜೋರಿನ ಓಟ ಬಂತೋ, ಚೆಂಡೆ ಏರುತ್ತದೆ. ಹಿಮ್ಮೇಳದವರಿಗೆ ಕಿವಿ ಉಂಟು, ಪರಸ್ಪರ ಕೇಳಿಸಿಕೊಳ್ಳುತ್ತಾರೆ. ಯಂತ್ರಕ್ಕೆ ನಾವು ಕೊಟ್ಟ ದಾರಿಯೇ ಕಿವಿ. ಹಾಗಾಗಿ ಯಾವ ತೊಂದರೆ ಬಂದರೂ ನಾನು ಈಗ ಮೊದಲು ಕೇಳುವುದು ಒಂದೇ ಪ್ರಶ್ನೆ: ಕಂಪ್ರೆಸರ್‌ಗೆ ಈ ಕ್ಷಣ ಏನು ಕೇಳಿಸುತ್ತಿದೆ? ನಮಗೆ ಸ್ಪೀಕರ್‌ನಲ್ಲಿ ಕೇಳಿಸುವುದೂ ಅದಕ್ಕೆ ಒಳಗೆ ಕೇಳಿಸುವುದೂ ಬೇರೆ ಬೇರೆ ಇರಬಹುದು.

ಎರಡು ಮಾತು ಅರ್ಥ ಹೇಳಿ ಮುಂದೆ ಹೋಗುತ್ತೇನೆ. ಕಂಪ್ರೆಸರ್ ಎಂದರೆ ಒಂದು ಗೆರೆ ದಾಟಿದ ಸದ್ದನ್ನು ಒತ್ತಿ ಹಿಡಿಯುವ ಸಾಧನ. ಆ ಗೆರೆಯೇ ಥ್ರೆಶೋಲ್ಡ್. ಗೆರೆ ಮೈನಸ್ 20 ಡಿಬಿಯಲ್ಲಿ (ಡೆಸಿಬೆಲ್, ಸದ್ದಿನ ಅಳತೆ; ಯಂತ್ರದೊಳಗೆ ಸೊನ್ನೆಯೇ ತುದಿ) ಇದೆ, ಸದ್ದು ಮೈನಸ್ 8ಕ್ಕೆ ಬಂತು, ಎಷ್ಟು ಒತ್ತಬೇಕು ಎಂಬ ರೇಶಿಯೋ 4:1 ಅಂತಿಟ್ಟುಕೊಳ್ಳಿ. ಗೆರೆಯ ಮೇಲಿನ 12 ಡಿಬಿ ಬರೀ 3 ಡಿಬಿ ಆಗುತ್ತದೆ, ಅಂದರೆ 9 ಡಿಬಿ ಕಡಿತ. ಒಂದು ಸದ್ದನ್ನು ಕೇಳಿಸಿಕೊಂಡು ಇನ್ನೊಂದನ್ನು ಒತ್ತಿದರೆ ಅದು ಸೈಡ್‌ಚೈನ್. ಒತ್ತಿದ ಪ್ರತಿಯನ್ನು ಒತ್ತದ ಮೂಲದ ಜೊತೆ ಬೆರೆಸಿದರೆ ಪ್ಯಾರಲಲ್. ಇದಕ್ಕೆ ನ್ಯೂಯಾರ್ಕ್ ಕಂಪ್ರೆಶನ್ ಅಂತಲೂ ಹೆಸರು ಉಂಟು.

## ಕೈ ಹಾಕುವ ಮೊದಲು

ಪ್ರಾಜೆಕ್ಟನ್ನು ಬೇರೆ ಹೆಸರಲ್ಲಿ ಇನ್ನೊಮ್ಮೆ ಸೇವ್ ಮಾಡಿ. ಹುಡುಕಾಟದ ಗಡಿಬಿಡಿಯಲ್ಲಿ ಹತ್ತು ಗುಂಡಿ ತಿರುಗಿಸಿ, ಮೂಲ ಎಲ್ಲಿತ್ತು ಅಂತ ಮರೆತುಹೋಗುವುದು ಎಲ್ಲರಿಗೂ ಆಗುವಂಥದ್ದು.

ಹೆಡ್‌ಫೋನ್ ಕಿವಿಯಿಂದ ಕುತ್ತಿಗೆಗೆ ಇಳಿಸಿ, ವಾಲ್ಯೂಮ್ ಕಾಲು ಭಾಗಕ್ಕೆ ತನ್ನಿ. ರೂಟಿಂಗ್ (ಸದ್ದು ಹೋಗುವ ದಾರಿ) ಬದಲಿಸುವಾಗ ಔಟ್‌ಪುಟ್ ಮತ್ತೆ ಇನ್‌ಪುಟ್‌ಗೆ ಸುತ್ತಿಕೊಂಡರೆ ಸೆಕೆಂಡಿನೊಳಗೆ ಕೂಗು ಏಳುತ್ತದೆ. ಒತ್ತಿದ ಸದ್ದನ್ನು ಮತ್ತೆ ಎತ್ತುವ ಮೇಕಪ್ ಗೇನ್ ಜಾಸ್ತಿ ಇದ್ದರಂತೂ ಕಿವಿಗೆ ಏಟು. 85 ಡಿಬಿ ಮಟ್ಟದಲ್ಲಿ ದಿನಕ್ಕೆ 8 ಗಂಟೆ ಎಂಬುದು ಕೆಲಸದ ಜಾಗಗಳಿಗೆ ಅಮೆರಿಕದ ಕೆಲಸದ ಸುರಕ್ಷತೆಯ ಸಂಸ್ಥೆ ನಯೋಷ್ ಹೇಳುವ ಮಿತಿ. ಪ್ರತಿ 3 ಡಿಬಿ ಏರಿದಾಗ ಸಮಯ ಅರ್ಧ. ಆ ಲೆಕ್ಕದಲ್ಲಿ 100 ಡಿಬಿಗೆ ಸಿಗುವುದು 15 ನಿಮಿಷ.

ಆಮೇಲೆ ಒಂದು ಪರೀಕ್ಷಾ ಪ್ರಾಜೆಕ್ಟ್ ಮಾಡಿಟ್ಟುಕೊಳ್ಳಿ. ಒಂದು ಪ್ಯಾಡ್‌ಗೆ ಏರಿಳಿತವಿಲ್ಲದ ಉದ್ದ ಸ್ವರ, ನಾನು ಶ್ರುತಿ ಪೆಟ್ಟಿಗೆಯ ಹತ್ತು ಸೆಕೆಂಡು ಇಟ್ಟುಕೊಂಡಿದ್ದೇನೆ. ಇನ್ನೊಂದಕ್ಕೆ ಗಿಡ್ಡ, ಚೂಪಾದ ಒಂದು ಪೆಟ್ಟು. ಹಾಡಿನ ಮೇಲೆ ಪರೀಕ್ಷೆ ಮಾಡಿದರೆ ಏನು ಬದಲಾಯಿತು ಅಂತ ಗೊತ್ತೇ ಆಗುವುದಿಲ್ಲ. ನೇರ ಸ್ವರದ ಮೇಲೆ ಒಂದು ಡಿಬಿ ಅಲುಗಿದರೂ ಕಿವಿಗೆ ಸಿಗುತ್ತದೆ.

## "ಏನು ಮಾಡಿದರೂ ತಗ್ಗುವುದೇ ಇಲ್ಲ"

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಎಫೆಕ್ಟ್ ಆನ್ ಇದೆಯಾ, ಎಫೆಕ್ಟನ್ನು ದಾಟಿಸಿಬಿಡುವ ಬೈಪಾಸ್ ಒತ್ತಿಹೋಗಿದೆಯಾ ನೋಡಿ. ನೋಡಿದ್ದೇನೆ ಅಂತ ಹೇಳಬೇಡಿ, ಮತ್ತೊಮ್ಮೆ ನೋಡಿ.

ಈಗ ಥ್ರೆಶೋಲ್ಡ್ ಪೂರ್ತಿ ಕೆಳಗೆ, ರೇಶಿಯೋ ಪೂರ್ತಿ ಮೇಲೆ, ಅಟ್ಯಾಕ್ (ಒತ್ತಲು ಹಿಡಿಯುವ ಸಮಯ) ಅತಿ ವೇಗಕ್ಕೆ ತಿರುಗಿಸಿ. ಮೇಕಪ್ ಸೊನ್ನೆ. ಉದ್ದ ಸ್ವರ ಹಾಕಿ, ಅದರ ಮೇಲೆ ಪೆಟ್ಟು ಬಾರಿಸಿ. ಮೂರರಲ್ಲಿ ಒಂದು ಆಗುತ್ತದೆ.

ಪೆಟ್ಟು ಬಿದ್ದಾಗ ಮಾತ್ರ ಸ್ವರ ತಗ್ಗಿತು: ದಾರಿ ಸರಿ ಇದೆ. ಮೊದಲು ಥ್ರೆಶೋಲ್ಡ್ ಎತ್ತರ ಇತ್ತು, ಅಷ್ಟೇ. ನಿಧಾನಕ್ಕೆ ಮೇಲೆ ತನ್ನಿ, ಬೇಕಾದಷ್ಟಕ್ಕೆ ನಿಲ್ಲಿಸಿ.

ಪೆಟ್ಟು ಇಲ್ಲದಿದ್ದರೂ ಸ್ವರ ತಗ್ಗಿಯೇ ಕೂತಿದೆ: ಕಂಪ್ರೆಸರ್ ಸ್ವರವನ್ನೇ ಕೇಳಿಸಿಕೊಂಡು ಸ್ವರವನ್ನೇ ಒತ್ತುತ್ತಿದೆ. ಸೈಡ್‌ಚೈನ್ ಸೋರ್ಸ್ (ಕಂಪ್ರೆಸರ್ ಕೇಳಿಸಿಕೊಳ್ಳುವ ಸದ್ದು) ಇನ್ನೂ ಬದಲಾಗಿಲ್ಲ ಅಂತ ಅರ್ಥ.

ಏನೂ ಆಗಲಿಲ್ಲ: ಪೆಟ್ಟು ಕಂಪ್ರೆಸರ್‌ನ ಕಿವಿಗೆ ತಲುಪುತ್ತಿಲ್ಲ. ದಾರಿ ಎಲ್ಲೋ ಕಡಿದಿದೆ.

ಕಡಿದ ದಾರಿ ಹುಡುಕುವುದು ಹೀಗೆ. ಮೊದಲು ಟ್ರ್ಯಾಕ್ ನಂಬರ್. ನಿನ್ನೆ ಚೆಂಡೆ 1ರಲ್ಲಿತ್ತು, ಇವತ್ತು 5ಕ್ಕೆ ಕಾಪಿ ಮಾಡಿದಿರಿ, ಸೋರ್ಸ್ ಇನ್ನೂ 1 ಅಂತಲೇ ಇದೆ. ಎಲ್ಲಿ ನೋಡಿದರೂ ಇದೇ ಕಥೆ. ಆಮೇಲೆ ಔಟ್‌ಪುಟ್ ನೋಡಿ. ಚೆಂಡೆಯನ್ನು ಬೇರೆ ಔಟ್‌ಪುಟ್‌ಗೆ ಕಳಿಸಿದ್ದರೆ ಅದು ಎಲ್ಲ ಸದ್ದು ಸೇರುವ ಮುಖ್ಯ ಬಸ್‌ನಿಂದ ಹೊರಗೆ ಹೋಗಿರುತ್ತದೆ. ಮುಖ್ಯ ಬಸ್ ಮೇಲೆ ಕೂತ ಕಂಪ್ರೆಸರ್‌ಗೆ ಅದು ಹೇಗೆ ಕೇಳಬೇಕು?

ಮೂರನೆಯದು ನಮ್ಮ ಕಡೆಯ ವಾದ್ಯಗಳಿಗೆ ವಿಶೇಷವಾಗಿ ಬರುವ ತೊಂದರೆ. ಬಹಳ ಕಂಪ್ರೆಸರ್‌ಗಳಲ್ಲಿ ಕೇಳಿಸಿಕೊಳ್ಳುವ ದಾರಿಗೆ ಒಂದು ಫಿಲ್ಟರ್ ಇರುತ್ತದೆ. ಕಿಕ್ ಡ್ರಮ್‌ನ ಗುದ್ದು ಮಾತ್ರ ಕೇಳಲಿ ಅಂತ ಜನ ಅದನ್ನು ಲೋ‌ಪಾಸ್ (ಕೆಳಗಿನ ಕಂಪನ ಮಾತ್ರ ಬಿಡುವಂತೆ) ಮಾಡಿ 100 ಹರ್ಟ್ಸ್ ಆಸುಪಾಸಿಗೆ ಇಡುತ್ತಾರೆ. ತಯಾರಾದ ಪ್ರಾಜೆಕ್ಟ್ ತಂದು ಅದರಲ್ಲಿ ಕಿಕ್ ಜಾಗಕ್ಕೆ ಚೆಂಡೆ ಹಾಕಿದರೆ? ಚೆಂಡೆಯ ಜೀವ ಇರುವುದು ಕೋಲು ತಾಗಿದ ಚಟೀರ್ ಸದ್ದಿನಲ್ಲಿ, ಮೇಲಿನ ಕಂಪನಗಳಲ್ಲಿ. ಫಿಲ್ಟರ್ ಅದನ್ನೆಲ್ಲ ತಡೆದುಬಿಡುತ್ತದೆ. ಸ್ಪೀಕರ್‌ನಲ್ಲಿ ಚೆಂಡೆ ಕಿವಿ ಸೀಳುತ್ತಿರುತ್ತದೆ, ಕಂಪ್ರೆಸರ್‌ಗೆ ಮಾತ್ರ ನಿಶ್ಶಬ್ದ. ಫಿಲ್ಟರನ್ನು ಪೂರ್ತಿ ತೆರೆಯಿರಿ, ಅಥವಾ ಮೇಲಿನ ಕಂಪನ ಮಾತ್ರ ಬಿಡುವ ಹೈಪಾಸ್ ಕಡೆಗೆ ತಿರುಗಿಸಿ.

ನಾಲ್ಕನೆಯದು ಮ್ಯೂಟ್. ಸದ್ದು ಕೇಳಬಾರದು, ಆದರೆ ಸ್ವರವನ್ನು ಮಾತ್ರ ಅಲುಗಿಸಬೇಕು ಅಂತ ಕೆಲವರು ಭೂತದ ಪೆಟ್ಟು ಇಟ್ಟುಕೊಳ್ಳುತ್ತಾರೆ. ಒಳ್ಳೆಯ ಉಪಾಯ. ಆದರೆ ಟ್ರ್ಯಾಕ್ ಮ್ಯೂಟ್ ಮಾಡಿದರೆ ಅಥವಾ ಲೆವೆಲ್ ಸೊನ್ನೆಗೆ ಇಳಿಸಿದರೆ ಕೆಲವು ಯಂತ್ರಗಳಲ್ಲಿ ಕಿವಿಗೆ ಹೋಗುವ ದಾರಿಯೂ ಮುಚ್ಚುತ್ತದೆ. ಸೆಂಡ್ (ಸದ್ದು ಕವಲೊಡೆದು ಹೋಗುವ ಜಾಗ) ಇರುವುದು ಲೆವೆಲ್ ಏರಿಸಿ ಇಳಿಸುವ ಫೇಡರ್‌ಗೆ ಮೊದಲೋ ನಂತರವೋ ಎಂಬುದರ ಮೇಲೆ ಇದು ನಿಂತಿದೆ. ಪರೀಕ್ಷೆ ಸುಲಭ: ಮ್ಯೂಟ್ ತೆಗೆದಾಗ ತಗ್ಗಿ, ಹಾಕಿದಾಗ ತಗ್ಗದಿದ್ದರೆ ಕಾರಣ ಅದೇ.

ಇಷ್ಟಾದರೂ ಇಲ್ಲವೆಂದರೆ, ನಿಮ್ಮ ಯಂತ್ರಕ್ಕೆ ಆ ಬಾಗಿಲು ಉಂಟಾ ಅಂತ ಕೈಪಿಡಿ ತೆರೆದು ನೋಡಿ. ಎಲ್ಲ ಯಂತ್ರ ಒಂದೇ ರೀತಿ ಇಲ್ಲ. ಎಲೆಕ್ಟ್ರಾನ್ ಡಿಜಿಟಾಕ್ಟ್‌ನ ಕಂಪ್ರೆಸರ್‌ನಲ್ಲಿ ಸೋರ್ಸ್ ಆರಿಸಬಹುದು, ಆ ದಾರಿಗೆ ಫಿಲ್ಟರ್ ಉಂಟು, ಮೂಲವನ್ನೂ ಒತ್ತಿದ ಪ್ರತಿಯನ್ನೂ ಬೆರೆಸುವ ಮಿಕ್ಸ್ ಗುಂಡಿಯೂ ಉಂಟು. ಆಕಾಯ್‌ನ ಈಚಿನ ಎಂಪಿಸಿಗಳಲ್ಲಿ ಮದರ್ ಡಕರ್ ಅಂತ ಜೋಡಿ ಎಫೆಕ್ಟ್ ಇದೆ. ಒಂದನ್ನು ಪೆಟ್ಟಿನ ಮೇಲೆ, ಇನ್ನೊಂದನ್ನು ತಗ್ಗಬೇಕಾದ ಸದ್ದಿನ ಮೇಲೆ ಹಾಕಬೇಕು, ಎರಡೂ ಒಂದೇ ಬಸ್ ಹಿಡಿದಿರಬೇಕು. ಒಂದನ್ನೇ ಹಾಕಿ ಕೂತರೆ ಏನೂ ಆಗುವುದಿಲ್ಲ. ಎಲೆಕ್ಟ್ರಾನ್ ಆಕ್ಟಾಟ್ರ್ಯಾಕ್‌ನಲ್ಲಿ ಕಂಪ್ರೆಸರ್ ಉಂಟು, ಹೊರಗಿನ ಸದ್ದನ್ನು ಕೇಳಿಸಿಕೊಳ್ಳುವ ಬಾಗಿಲು ಇಲ್ಲ. ಅಲ್ಲಿ ಎಲ್‌ಎಫ್‌ಒ ಎಂಬ ನಿಧಾನ ಏರಿಳಿತದ ಅಲೆಯಿಂದ ವಾಲ್ಯೂಮ್ ತಗ್ಗಿಸಿ ಅದೇ ಪರಿಣಾಮ ತರುತ್ತಾರೆ. ನನ್ನ ಮಟ್ಟಿಗೆ ಅದು ಮೋಸವಲ್ಲ. ಕೇಳುವವರಿಗೆ ವ್ಯತ್ಯಾಸ ಗೊತ್ತಾಗದು.

ಹಳೆಯ ರೋಲ್ಯಾಂಡ್ ಎಸ್‌ಪಿ-404ರಲ್ಲಿ ದಾರಿ ಇನ್ನೂ ಸರಳ. 2005ರ ಆ ಯಂತ್ರದಲ್ಲಿ ಒಂದು ಹೊತ್ತಿಗೆ ಒಂದೇ ಎಫೆಕ್ಟ್. ಪೆಟ್ಟು, ಸ್ವರ ಎರಡನ್ನೂ ಅದೇ ಕಂಪ್ರೆಸರ್‌ಗೆ ನೂಕಿದರೆ ಜೋರಾದ ಪೆಟ್ಟು ಜೊತೆಗಾರನನ್ನು ತಾನಾಗಿ ಒತ್ತುತ್ತದೆ. ಇಲ್ಲಿ ತಗ್ಗದಿದ್ದರೆ ಪೆಟ್ಟಿನ ಲೆವೆಲ್ ಏರಿಸಿ, ಸ್ವರದ್ದು ಇಳಿಸಿ. ಬೇರೆ ಗುಂಡಿ ಹುಡುಕಬೇಡಿ.

## "ತಗ್ಗುತ್ತದೆ, ಆದರೆ ಚೆಂಡೆಯೂ ತಗ್ಗುತ್ತದೆ"

ಕಂಪ್ರೆಸರ್ ಮಾಸ್ಟರ್ ಮೇಲೆ ಕೂತಿದೆ. ಅದರ ಕೆಳಗೆ ಹೋಗುವುದೆಲ್ಲ ತಗ್ಗಲೇಬೇಕು, ಪೆಟ್ಟೂ ಸೇರಿ. ಯಂತ್ರ ಬಿಟ್ಟರೆ ಚೆಂಡೆಯನ್ನು ಕಂಪ್ರೆಸರ್ ದಾಟಿಸಿ ಕಳಿಸಿ. ಬಿಡದಿದ್ದರೆ ಅಟ್ಯಾಕನ್ನು 10ರಿಂದ 30 ಮಿಲಿಸೆಕೆಂಡಿಗೆ ನಿಧಾನ ಮಾಡಿ. ಕೋಲು ತಾಗಿದ ಮೊದಲ ಚಟೀರ್ ಅಷ್ಟರಲ್ಲಿ ಪಾರಾಗುತ್ತದೆ.

## "ಎಷ್ಟು ತಿರುಗಿಸಿದರೂ ಸ್ವಲ್ಪವೇ ತಗ್ಗುತ್ತದೆ"

ಇದು ನನ್ನ ಎರಡು ರಾತ್ರಿಯ ಕಥೆ. ಥ್ರೆಶೋಲ್ಡ್ ತಳ ಮುಟ್ಟಿದೆ, ರೇಶಿಯೋ ತುದಿ ಮುಟ್ಟಿದೆ, ಮೀಟರ್ 20 ಡಿಬಿ ಕಡಿತ ತೋರಿಸುತ್ತಿದೆ. ಆದರೆ ಶ್ರುತಿ ಮಾತ್ರ ಸುಮ್ನೆ ಒಂದಿಷ್ಟು ಬಾಗಿ ನಿಲ್ಲುತ್ತದೆ. ಕೇಬಲ್ ಬದಲಿಸಿದೆ, ಫರ್ಮ್‌ವೇರ್ ಬಗ್ಗೆ ಅನುಮಾನಪಟ್ಟೆ, ಯಂತ್ರಕ್ಕೆ ಬೈದೆ.

ಹಿಂದಿನ ವಾರ ಮದ್ದಳೆಗೆ ಪ್ಯಾರಲಲ್ ಮಾಡಲಿಕ್ಕೆ ಮಿಕ್ಸ್ ಗುಂಡಿಯನ್ನು ಅರ್ಧಕ್ಕೆ ತಂದಿದ್ದೆ. ಅದು ಅಲ್ಲೇ ಇತ್ತು.

ಲೆಕ್ಕ ನೋಡಿ. ಮಿಕ್ಸ್ ಅರ್ಧದಲ್ಲಿದ್ದರೆ ಸದ್ದಿನ ಅರ್ಧ ಪಾಲು ಕಂಪ್ರೆಸರ್ ಮುಟ್ಟದೆ ನೇರ ಹೊರಗೆ ಬರುತ್ತದೆ. ಇನ್ನರ್ಧವನ್ನು ಕಂಪ್ರೆಸರ್ ಪೂರ್ತಿ ಕೊಂದೇಬಿಟ್ಟರೂ ಒಟ್ಟು ಸದ್ದು ಅರ್ಧಕ್ಕೆ ಇಳಿಯುತ್ತದೆ, ಅಂದರೆ 6 ಡಿಬಿ. ಅದಕ್ಕಿಂತ ಕೆಳಗೆ ಹೋಗಲು ಸಾಧ್ಯವೇ ಇಲ್ಲ. ಮಿಕ್ಸ್ ಮುಕ್ಕಾಲಿಗೆ ಇಟ್ಟರೆ ಮಿತಿ ಸುಮಾರು 12 ಡಿಬಿ. ಸೈಡ್‌ಚೈನ್ ಪೂರ್ತಿ ಬೇಕಾದರೆ ಮಿಕ್ಸ್ 100ಕ್ಕೆ. ಬೇಕೆಂದೇ ಕಡಿಮೆ ಇಟ್ಟರೆ ಅದೂ ಒಂದು ಚಂದವೇ: ಸ್ವರ ಬಾಗುತ್ತದೆ, ಮಾಯವಾಗುವುದಿಲ್ಲ. ಈಗ ನಾನು ಎಷ್ಟೋ ಸಲ ಅರ್ಧದಲ್ಲೇ ಬಿಡುತ್ತೇನೆ. ಆದರೆ ಗೊತ್ತಿದ್ದು ಬಿಡುವುದಕ್ಕೂ ಗೊತ್ತಿಲ್ಲದೆ ಬಿಡುವುದಕ್ಕೂ ಎರಡು ರಾತ್ರಿಯ ವ್ಯತ್ಯಾಸ ಉಂಟು ಮಾರಾಯ್ರೆ.

ಮೇಕಪ್ ಗೇನ್ ತಾನಾಗಿ ಏರುವ ವ್ಯವಸ್ಥೆ ಇದ್ದರೆ ಅದನ್ನೂ ಆಫ್ ಮಾಡಿ. ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈಯಲ್ಲಿ ಎತ್ತಿದಂತೆ ಆಗುತ್ತದೆ.

## "ತಗ್ಗಿದ ಶ್ರುತಿ ಮತ್ತೆ ಏಳುವುದೇ ಇಲ್ಲ"

ರಿಲೀಸ್, ಅಂದರೆ ಒತ್ತಿದ್ದನ್ನು ಬಿಡಲು ಹಿಡಿಯುವ ಸಮಯ, ಉದ್ದ ಆಗಿದೆ. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬಡಿತ) ಭಾಗಿಸಿದರೆ ಒಂದು ಬಡಿತಕ್ಕೆ ಎಷ್ಟು ಮಿಲಿಸೆಕೆಂಡು ಅಂತ ಸಿಗುತ್ತದೆ. 100 ಬಿಪಿಎಂನಲ್ಲಿ ಒಂದು ಬಡಿತ 600, ಅದರ ಅರ್ಧ 300, ಕಾಲು 150. ಪೆಟ್ಟು ಬಡಿತಕ್ಕೆ ಒಂದರಂತೆ ಬೀಳುತ್ತಿದ್ದರೆ 250ರಿಂದ 400ರೊಳಗಿನ ರಿಲೀಸ್‌ನಿಂದ ಶುರು ಮಾಡಿ. ಮುಂದಿನ ಪೆಟ್ಟು ಬರುವ ಮೊದಲು ಸ್ವರ ತನ್ನ ಜಾಗಕ್ಕೆ ಬಂದಿರಬೇಕು, ಆಗಲೇ ಉಸಿರಾಡಿದಂತೆ ಕೇಳುತ್ತದೆ.

ತೊಡಕು ಬರುವುದು ಉರುಳಿಕೆಯಲ್ಲಿ. ಚೆಂಡೆ ಉರುಳುವಾಗ ಪೆಟ್ಟಿನ ನಡುವೆ 60, 70 ಮಿಲಿಸೆಕೆಂಡೂ ಇರುವುದಿಲ್ಲ. 300 ರಿಲೀಸ್‌ಗೆ ಏಳಲು ಸಮಯವೆಲ್ಲಿ? ಉರುಳಿಕೆ ಮುಗಿಯುವವರೆಗೂ ಶ್ರುತಿ ನೆಲ ಹಿಡಿದಿರುತ್ತದೆ. ರಿಲೀಸನ್ನು 50ಕ್ಕೆ ಇಳಿಸಿದರೆ ಏಳುತ್ತದೆ, ಆದರೆ ಬಿಡಿ ಪೆಟ್ಟುಗಳಲ್ಲಿ ಗಡಗಡ ನಡುಗುತ್ತದೆ. ಗುಂಡಿ ತಿರುಗಿಸಿ ಇದನ್ನು ಗೆಲ್ಲಲಾಗದು. ನಾನು ಮಾಡುವುದು ಇಷ್ಟು: ಕೇಳಿಸುವ ಚೆಂಡೆಯನ್ನು ಸೋರ್ಸ್‌ನಿಂದ ಬಿಡಿಸಿ, ತಾಳದ ಮುಖ್ಯ ಪೆಟ್ಟುಗಳಿಗೆ ಮಾತ್ರ ಒಂದು ಭೂತದ ಪೆಟ್ಟು ಇಟ್ಟು, ಅದನ್ನು ಸೋರ್ಸ್ ಮಾಡುತ್ತೇನೆ. ಚೆಂಡೆ ಬೇಕಾದಷ್ಟು ಉರುಳಲಿ, ಶ್ರುತಿ ತಾಳಕ್ಕೆ ಮಾತ್ರ ಬಾಗುತ್ತದೆ.

ರಿಲೀಸ್ ಗಿಡ್ಡ ಇದ್ದರೂ ಏಳದಿದ್ದರೆ ಸೋರ್ಸ್ ಸ್ಯಾಂಪಲ್‌ನ ಬಾಲ ನೋಡಿ. ಕೋಣೆಯ ಗುಂಯ್‌ಗುಟ್ಟುವಿಕೆ ಒಂದು ಸೆಕೆಂಡು ಇದ್ದರೆ ಅಷ್ಟೂ ಹೊತ್ತು ಕಂಪ್ರೆಸರ್ ಒತ್ತಿಯೇ ಹಿಡಿಯುತ್ತದೆ. ಬಾಲ ಕತ್ತರಿಸಿ.

## "ಪೆಟ್ಟು ಬಿದ್ದು ಆದ ಮೇಲೆ ತಗ್ಗುತ್ತದೆ"

ಅಟ್ಯಾಕ್ ನಿಧಾನ ಇದೆ ಅಂತ ಎಲ್ಲರೂ ಮೊದಲು ಅದನ್ನೇ ತಿರುಗಿಸುತ್ತಾರೆ. ಅದು 5 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೂ ತಡ ಅನಿಸಿದರೆ ಭೂತದ ಪೆಟ್ಟಿನ ಸ್ಯಾಂಪಲ್ ಶುರು ಎಲ್ಲಿ ಅಂತ ನೋಡಿ. ಮೈಕ್‌ನಲ್ಲಿ ಹಿಡಿದ ಪೆಟ್ಟಿನ ಮುಂದೆ 20, 30 ಮಿಲಿಸೆಕೆಂಡು ಖಾಲಿ ಉಳಿದಿರುತ್ತದೆ. ಅಲೆಯ ಚಿತ್ರವನ್ನು ದೊಡ್ಡದು ಮಾಡಿ, ಮೊದಲ ಏರಿಕೆಯ ಬುಡಕ್ಕೆ ಸ್ಟಾರ್ಟ್ ಪಾಯಿಂಟ್ ತನ್ನಿ. ಕೆಲವು ಪೆಟ್ಟನ್ನು ಬೇಕೆಂದೇ ತುಸು ತಡ ಮಾಡುವ ಸ್ವಿಂಗ್ ಹಾಕಿದ್ದರೆ ಎರಡೂ ಟ್ರ್ಯಾಕ್‌ಗೆ ಒಂದೇ ಸ್ವಿಂಗ್ ಇದೆಯಾ ಅದನ್ನೂ ನೋಡಿ.

## "ಟಿಕ್ ಟಿಕ್ ಅನ್ನುತ್ತದೆ" ಅಥವಾ "ಗರಗರ ಅನ್ನುತ್ತದೆ"

ಎರಡು ಬೇರೆ ರೋಗ. ಪ್ರತಿ ಪೆಟ್ಟಿಗೂ ಸ್ವರದಲ್ಲಿ ಟಿಕ್ ಬಂದರೆ ಅಟ್ಯಾಕ್ ಅತಿ ವೇಗ. ಅಲೆಯನ್ನು ಕತ್ತಿಯಿಂದ ಕಡಿದ ಹಾಗೆ ಆಗಿದೆ. 2ರಿಂದ 5 ಮಿಲಿಸೆಕೆಂಡು ಕೊಟ್ಟರೆ ಹೋಗುತ್ತದೆ.

ಕೆಳಸ್ವರದಲ್ಲಿ ಗರಗರ ಬಂದರೆ ರಿಲೀಸ್ ಅತಿ ಗಿಡ್ಡ. 50 ಹರ್ಟ್ಸ್‌ನ ಒಂದು ಸುತ್ತಿಗೆ 20 ಮಿಲಿಸೆಕೆಂಡು ಬೇಕು. ರಿಲೀಸ್ 10 ಇದ್ದರೆ ಕಂಪ್ರೆಸರ್ ಒಂದೇ ಸುತ್ತಿನೊಳಗೆ ಒತ್ತಿ, ಬಿಟ್ಟು, ಮತ್ತೆ ಒತ್ತುತ್ತದೆ. ಅಲೆಯ ಆಕಾರವೇ ಕೆಡುತ್ತದೆ. 80ರ ಮೇಲೆ ತನ್ನಿ. ಹೋಗದಿದ್ದರೆ ಕಂಪ್ರೆಸರ್ ಬೈಪಾಸ್ ಮಾಡಿ ಕೇಳಿ. ಆಗಲೂ ಗರಗರ ಇದ್ದರೆ ರೆಕಾರ್ಡ್ ಮಾಡುವಾಗಲೇ ಒಡೆದಿದೆ. ಅದಕ್ಕೆ ಮದ್ದಿಲ್ಲ, ಚೆಂಡೆಯವರನ್ನು ಇನ್ನೊಮ್ಮೆ ಕರೆಯಬೇಕು. ಈ ಸಲ ಗೇನ್ ಕಡಿಮೆ ಇಡಿ. ಚೆಂಡೆಯ ತುದಿ ಎಷ್ಟು ಏರುತ್ತದೆ ಅಂತ ಮಾಮೂಲಿ ಮೀಟರ್ ನೋಡಿ ನಂಬಬೇಡಿ.

## "ಪ್ಯಾರಲಲ್ ಮಾಡಿದೆ, ಮದ್ದಳೆ ದಪ್ಪ ಆಗುವ ಬದಲು ಟೊಳ್ಳಾಯಿತು"

ಪ್ಯಾರಲಲ್‌ನಲ್ಲಿ ಇದೇ ದೊಡ್ಡ ತೊಂದರೆ, ಇದಕ್ಕೆ ಸ್ವಲ್ಪ ಕೂತು ಕೆಲಸ ಮಾಡಬೇಕು.

ಯಂತ್ರದಲ್ಲೇ ಮಿಕ್ಸ್ ಗುಂಡಿ ಇದ್ದರೆ ಸಾಮಾನ್ಯವಾಗಿ ಈ ರೋಗ ಬರುವುದಿಲ್ಲ. ಮೂಲ, ಒತ್ತಿದ ಪ್ರತಿ ಎರಡೂ ಒಳಗೇ ಒಂದೇ ಕ್ಷಣಕ್ಕೆ ಸೇರುತ್ತವೆ. ಗುಂಡಿ ಇಲ್ಲದವರು ಮಾಡುವುದು ಬೇರೆ: ಮದ್ದಳೆಯನ್ನು ಕಂಪ್ರೆಸರ್ ಮೂಲಕ ಇನ್ನೊಂದು ಪ್ಯಾಡ್‌ಗೆ ರೀಸ್ಯಾಂಪಲ್ ಮಾಡಿ, ಎರಡೂ ಪ್ಯಾಡ್ ಒಟ್ಟಿಗೆ ಬಾರಿಸುತ್ತಾರೆ. ಅಥವಾ ಹೊರಗಿನ ಕಂಪ್ರೆಸರ್‌ಗೆ ಕಳಿಸಿ ವಾಪಸು ತರುತ್ತಾರೆ. ಎರಡರಲ್ಲೂ ಪ್ರತಿ ಸ್ವಲ್ಪ ತಡವಾಗಿ ಬರುತ್ತದೆ.

ಆ ಸ್ವಲ್ಪ ಎಷ್ಟು ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ. 1 ಮಿಲಿಸೆಕೆಂಡು ತಡವಾದರೆ 500 ಹರ್ಟ್ಸ್‌ನಲ್ಲಿ ಎರಡು ಅಲೆ ಎದುರು ಬದುರಾಗಿ ಒಂದನ್ನೊಂದು ತಿನ್ನುತ್ತವೆ. ಆಮೇಲೆ 1500, 2500, ಹೀಗೆ ಮೇಲೆ ಮೇಲೆ. 2 ಮಿಲಿಸೆಕೆಂಡು ಆದರೆ ಮೊದಲ ಹೊಂಡ ಬೀಳುವುದು 250ರಲ್ಲಿ. ಹಾರ್ಮೋನಿಯಂನ ಮಧ್ಯದ ಬಿಳಿ ಒಂದು ಸುಮಾರು 262 ಹರ್ಟ್ಸ್. ಮದ್ದಳೆಯನ್ನು ಶ್ರುತಿಗೆ ಕೂಡಿಸಿರುತ್ತಾರೆ ಅಲ್ವಾ? ಬಿಳಿ ಒಂದರ ಆಸುಪಾಸಿನ ಶ್ರುತಿಯಾದರೆ ಸರಿಯಾಗಿ ಅದರ ನಾದ ಇರುವಲ್ಲೇ ಹೊಂಡ. ಡಬ್ಬಿ ಬಡಿದ ಹಾಗೆ ಕೇಳುವುದು ಅದಕ್ಕೆ. ತಡ 20, 30 ಮಿಲಿಸೆಕೆಂಡು ದಾಟಿದರೆ ಟೊಳ್ಳು ಹೋಗಿ ಒಂದು ಪೆಟ್ಟು ಎರಡಾಗಿ ಕೇಳತೊಡಗುತ್ತದೆ.

ಸರಿಮಾಡುವ ಕ್ರಮ ಹೀಗೆ. ಎರಡೂ ಪ್ಯಾಡ್‌ನ ಅಲೆ ದೊಡ್ಡದು ಮಾಡಿ, ಮೊದಲ ಏರಿಕೆ ಎಲ್ಲಿ ಅಂತ ನೋಡಿ, ತಡವಾದದ್ದರ ಸ್ಟಾರ್ಟ್ ಮುಂದೆ ತನ್ನಿ. ಸೆಕೆಂಡಿಗೆ 44,100 ಸ್ಯಾಂಪಲ್ (ಅಲೆಯ ಅಳತೆಯ ಚುಕ್ಕಿ) ಇರುವ ಯಂತ್ರದಲ್ಲಿ 44 ಸ್ಯಾಂಪಲ್ ಅಂದರೆ ಸುಮಾರು 1 ಮಿಲಿಸೆಕೆಂಡು. ಒಂದೊಂದೇ ಹೆಜ್ಜೆ ಸರಿಸುತ್ತಾ ಕೇಳಿ. ಸರಿಯಾದ ಜಾಗಕ್ಕೆ ಬಂದಾಗ ನಾದ ಒಮ್ಮೆಲೇ ತುಂಬಿಕೊಳ್ಳುತ್ತದೆ, ಆ ಕ್ಷಣ ತಪ್ಪಿಹೋಗುವಂಥದ್ದಲ್ಲ.

ಸರಿಸಿದರೂ ತುಂಬದೆ, ಕೆಳನಾದವೇ ಪೂರ್ತಿ ಮಾಯವಾಗಿದ್ದರೆ ಪೊಲಾರಿಟಿ ತಿರುಗಿದೆ, ಅಂದರೆ ಒಂದರ ಅಲೆ ತಲೆಕೆಳಗಾಗಿದೆ. ಒಂದರ ಪೊಲಾರಿಟಿ ಬದಲಿಸಿ. ಯಂತ್ರದಲ್ಲಿ ಆ ಆಯ್ಕೆ ಇಲ್ಲದಿದ್ದರೆ ಹೊರಗಿನ ದಾರಿಯ ಕೇಬಲ್‌ಗಳನ್ನು ಒಂದೊಂದಾಗಿ ಬದಲಿಸಿ. ಊರಲ್ಲೇ ಬೆಸುಗೆ ಹಾಕಿದ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ 2 ಮತ್ತು 3ನೆಯ ಪಿನ್ ಅದಲು ಬದಲಾಗಿರುವುದು ಹೊಸ ವಿಷಯವಲ್ಲ.

ಇನ್ನೆರಡು ಕಳ್ಳರಿದ್ದಾರೆ. ಒಂದು ಪ್ಯಾಡ್‌ಗೆ ಬಿಪಿಎಂ ಸಿಂಕ್ ಆನ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಟೈಮ್‌ಸ್ಟ್ರೆಚ್ ಅಲೆಯನ್ನು ಅಲ್ಲಲ್ಲಿ ಜಗ್ಗುತ್ತದೆ. ಶುರು ಸರಿ ಇರುತ್ತದೆ, ಮುಂದೆ ಹೋದಂತೆ ಟೊಳ್ಳು ಬಂದು ಹೋಗಿ ಮಾಡುತ್ತದೆ. ಸ್ಟ್ರೆಚ್ ಎರಡಕ್ಕೂ ಆಫ್ ಮಾಡಿ. ಇನ್ನೊಬ್ಬ ಮ್ಯೂಟ್ ಗ್ರೂಪ್. ಎರಡೂ ಪ್ಯಾಡ್ ಒಂದೇ ಗ್ರೂಪ್‌ನಲ್ಲಿದ್ದರೆ ಒಂದು ಬಾರಿಸಿದಾಗ ಇನ್ನೊಂದು ನಿಲ್ಲುತ್ತದೆ. ಪ್ಯಾರಲಲ್ ಮಾಡಿದ್ದೇನೆ ಅಂತ ನೀವು ಅಂದುಕೊಂಡಿರುತ್ತೀರಿ, ಕೇಳುತ್ತಿರುವುದು ಒಂದನ್ನೇ.

## "ಜೋರಾಯಿತು, ಬೇರೆ ಏನೂ ಆಗಲಿಲ್ಲ"

ಒಂದೇ ಸದ್ದಿನ ಎರಡು ಪ್ರತಿ ಸೇರಿಸಿದರೆ 6 ಡಿಬಿ ಏರುತ್ತದೆ. ಜೋರಾದದ್ದು ಕಿವಿಗೆ ಚಂದ ಅಂತಲೇ ಅನಿಸುತ್ತದೆ, ಕಂಪ್ರೆಶನ್ ಆಗಿರಲಿ ಬಿಡಲಿ. ಮಾಸ್ಟರ್ ಇಳಿಸಿ ಮೊದಲಿನ ಮಟ್ಟಕ್ಕೆ ತಂದು ಹೋಲಿಸಿ. ಒತ್ತಿದ ಪ್ರತಿಯನ್ನು ಮಾತ್ರ ಕೇಳಿದರೆ ಅದು ಕೆಟ್ಟದಾಗಿ, ಚಪ್ಪಟೆಯಾಗಿ ಇರಬೇಕು, 10ರಿಂದ 20 ಡಿಬಿ ಕಡಿತದಲ್ಲಿ. ಅದೇ ಒಳ್ಳೆಯದಾಗಿ ಕೇಳಿದರೆ ನೀವು ಒತ್ತಿದ್ದು ಸಾಲದು.

## "ಹಿಂದಿನಿಂದ ಏನೋ ಸದ್ದು ಏಳುತ್ತದೆ"

ಜೂನ್ ತಿಂಗಳಲ್ಲಿ ಜಗಲಿಯಲ್ಲಿ ಕೂತು ಮದ್ದಳೆ ರೆಕಾರ್ಡ್ ಮಾಡಿದ್ದೆ. ಕೇಳುವಾಗ ಶುದ್ಧವಾಗಿತ್ತು. ಪ್ಯಾರಲಲ್ ಹಾಕಿದ್ದೇ ತಡ, ಪ್ರತಿ ಪೆಟ್ಟಿನ ನಡುವೆ ತೋಟದ ಕಪ್ಪೆಗಳೆಲ್ಲ ಎದ್ದು ಕೂತವು. ಮೇಕಪ್ ಗೇನ್ 12 ಡಿಬಿ ಕೊಟ್ಟರೆ ಕಪ್ಪೆಗೂ 12 ಡಿಬಿ ಸಿಗುತ್ತದೆ. ಅದು ದೋಷವಲ್ಲ. ಬಾಲ ಕತ್ತರಿಸಿ, ಸಣ್ಣ ಸದ್ದನ್ನು ಮುಚ್ಚುವ ಗೇಟ್ ಹಾಕಿ, ಅಥವಾ ಮಳೆ ನಿಂತ ಮೇಲೆ ಪುನಃ ರೆಕಾರ್ಡ್ ಮಾಡಿ. ನಾನು ಕಪ್ಪೆಗಳನ್ನು ಹಾಗೇ ಇಟ್ಟುಕೊಂಡೆ.

ಗುಂಯ್ ಎಂಬ ಒಂದೇ ಸ್ವರ ಇದ್ದರೆ ಅದು ಬೇರೆ. 50 ಅಥವಾ 100 ಹರ್ಟ್ಸ್‌ನ ಗುಂಯ್ ಕರೆಂಟಿನದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ನಡೆಸಿ. ನಿಂತಿತಾ? ಗ್ರೌಂಡ್ ಲೂಪ್, ಅಂದರೆ ಅರ್ತ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು. ಎಲ್ಲವನ್ನೂ ಒಂದೇ ಬೋರ್ಡ್‌ಗೆ ಹಾಕಿ ನೋಡಿ. ಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಬಳಸಿ. ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಮುರಿದು ಗುಂಯ್ ನಿಲ್ಲಿಸುವವರನ್ನು ನೋಡಿದ್ದೇನೆ. ಗುಂಯ್ ನಿಲ್ಲುತ್ತದೆ, ನಿಜ. ಮುಂದೆ ಯಂತ್ರದ ಮೈಗೆ 230 ವೋಲ್ಟ್ ಬಂದ ದಿನ ಅದನ್ನು ಹಿಡಿದುಕೊಳ್ಳಲು ನಿಮ್ಮ ಕೈ ಮಾತ್ರ ಇರುತ್ತದೆ.

ಗುಂಡಿ ತಿರುಗಿಸುವಾಗ, ಜ್ಯಾಕ್ ಅಲುಗಿಸುವಾಗ ಮಾತ್ರ ಕರಕರ ಬಂದರೆ ತೇವ, ಧೂಳು. ಮಳೆಗಾಲದಲ್ಲಿ ನಮ್ಮಲ್ಲಿ ಕಬ್ಬಿಣದ ಕತ್ತಿಗೇ ತುಕ್ಕು, ಜ್ಯಾಕ್ ಬಿಡುತ್ತದೆಯೇ? ಕರೆಂಟ್ ತೆಗೆದು, ಪ್ಲಗ್ಗನ್ನು ಹತ್ತು ಸಲ ಹಾಕಿ ತೆಗೆಯಿರಿ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್. ತೆಂಗಿನೆಣ್ಣೆ ಬೇಡ.

## "ಮನೆಯಲ್ಲಿ ಸರಿ ಇತ್ತು, ಸ್ಟೇಜ್‌ನಲ್ಲಿ ಚೆಂಡೆಯೇ ಇಲ್ಲ"

ಮುಳ್ಳೇರಿಯದ ಹತ್ತಿರ ಒಂದು ಕಾರ್ಯಕ್ರಮದಲ್ಲಿ ಆದದ್ದು. ಹೆಡ್‌ಫೋನ್‌ನಲ್ಲಿ ಎಲ್ಲ ಚಂದ. ದೊಡ್ಡ ಸ್ಪೀಕರ್‌ನಲ್ಲಿ ರಿವರ್ಬ್ (ಗುಂಯ್‌ಗುಡುವ ಬಾಲ) ಮಾತ್ರ ತೇಲುತ್ತಿದೆ, ಚೆಂಡೆ, ಮದ್ದಳೆ ಎರಡೂ ನಾಪತ್ತೆ. ಸೈಡ್‌ಚೈನ್ ಹುಚ್ಚು ಹಿಡಿದಿದೆ ಅಂತ ಅಲ್ಲೇ ಥ್ರೆಶೋಲ್ಡ್ ತಿರುಗಿಸಲು ಹೊರಟಿದ್ದೆ.

ಕಾರಣ ಒಂದು ಕೇಬಲ್. ಹೆಡ್‌ಫೋನ್ ಔಟ್‌ನಿಂದ ಸ್ಟೀರಿಯೋ ಜ್ಯಾಕ್ ಎಳೆದು ಮಿಕ್ಸರ್‌ನ ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕಿದ್ದರು. ಮೂರು ತಂತಿ ಇಲ್ಲೂ ಉಂಟು, ಅಲ್ಲೂ ಉಂಟು, ಕೂತುಕೊಳ್ಳುತ್ತದೆ. ಆದರೆ ಬ್ಯಾಲೆನ್ಸ್ಡ್ ಇನ್‌ಪುಟ್ ಒಂದು ತಂತಿಯಿಂದ ಇನ್ನೊಂದನ್ನು ಕಳೆಯುತ್ತದೆ. ಎಡದಿಂದ ಬಲ ಕಳೆದರೆ ಎರಡರಲ್ಲೂ ಸಮ ಇರುವುದೆಲ್ಲ ಸೊನ್ನೆ. ನಡುವಿನಲ್ಲಿ ಇಟ್ಟ ಚೆಂಡೆ, ಮದ್ದಳೆ ಸೊನ್ನೆಯಾಯಿತು, ಎಡಬಲಕ್ಕೆ ಹರಡಿದ ರಿವರ್ಬ್ ಉಳಿಯಿತು. ಪರೀಕ್ಷೆ: ಪ್ಲಗ್ಗನ್ನು ಅರ್ಧ ಎಳೆದಾಗ ಚೆಂಡೆ ವಾಪಸು ಬಂದರೆ ಇದೇ. ಎಡ, ಬಲ ಎರಡು ಲೈನ್ ಔಟ್‌ನಿಂದ ಎರಡು ಚಾನೆಲ್‌ಗೆ ಹಾಕಿ. ನನ್ನ ಬ್ಯಾಗಿನಲ್ಲಿ ಈಗ ಆ ಎರಡು ಕೇಬಲ್ ಯಾವಾಗಲೂ ಇರುತ್ತವೆ. ಸೌಂಡಿನವರ ಬಳಿ ಇರುತ್ತದೆ ಅಂತ ಹೋಗುವುದಿಲ್ಲ.

## ಇಲ್ಲಿಗೆ ನಿಲ್ಲಿಸಿ, ಬೇರೆಯವರಿಗೆ ಕೊಡಿ

ಯಂತ್ರದ ಲೋಹದ ಮೈ ಮುಟ್ಟಿದಾಗ ಜುಮ್ ಅಂದರೆ, ಸುಟ್ಟ ವಾಸನೆ ಬಂದರೆ, ಅಡಾಪ್ಟರ್ ಕೈ ಇಡಲಾಗದಷ್ಟು ಬಿಸಿಯಾದರೆ, ಒಳಗಿನ ಬ್ಯಾಟರಿ ಉಬ್ಬಿ ಮುಚ್ಚಳ ಎತ್ತಿದ್ದರೆ, ಅಲ್ಲಿಗೆ ಸಾಕು. ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್ ಎಳೆಯಿರಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಅಡಾಪ್ಟರ್ ತೆರೆಯುವ ಕೆಲಸವಂತೂ ಬೇಡವೇ ಬೇಡ. ಪ್ಲಗ್ ಎಳೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು.

ಬದಲಿ ಅಡಾಪ್ಟರ್ ಹಾಕುವಾಗ ವೋಲ್ಟ್, ಆಂಪ್, ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ, ಮೂರೂ ಹೊಂದಬೇಕು. ತೂತಿಗೆ ಕೂತಿತು ಅಂತ ಹಾಕಿದ ಒಂದು ಅಡಾಪ್ಟರ್ ಸಾಕು ಯಂತ್ರ ಮುಗಿಸಲಿಕ್ಕೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೂ ಅಕ್ಟೋಬರ್, ನವೆಂಬರ್‌ನ ತುಲಾ ಮಳೆಯ ಗುಡುಗಿಗೂ ಸ್ವಿಚ್ ಆಫ್ ಸಾಲದು. ಮೊದಲ ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕಳಚಿಡಿ.

ಪರೀಕ್ಷಾ ಪ್ರಾಜೆಕ್ಟ್‌ನಲ್ಲೂ, ಫ್ಯಾಕ್ಟರಿ ರೀಸೆಟ್ ಆದ ಮೇಲೂ, ಬೇರೆ ಕೇಬಲ್‌ನಲ್ಲೂ ಒಂದೇ ದೋಷ ಬಂದರೆ ಮಾತ್ರ ರಿಪೇರಿಗೆ ಕಳಿಸಿ. ರೀಸೆಟ್‌ಗೆ ಮೊದಲು ಕಾರ್ಡ್‌ನ ಪ್ರತಿ ತೆಗೆದಿಡಿ. ಪೆಟ್ಟಿಗೆಯೊಳಗೆ ಒಂದು ಚೀಟಿ ಹಾಕಿ: ಫರ್ಮ್‌ವೇರ್ ನಂಬರ್, ಯಾವ ಪ್ಯಾಡ್ ಬಾರಿಸಿದರೆ ಏನಾಗುತ್ತದೆ, ಯಾವ ಔಟ್‌ಪುಟ್‌ನಲ್ಲಿ ಆಗುತ್ತದೆ, ಯಾವುದರಲ್ಲಿ ಆಗುವುದಿಲ್ಲ. "ಸೌಂಡ್ ಸರಿ ಇಲ್ಲ" ಅಂತ ಬರೆದು ಕಳಿಸಿದ ನನ್ನ ಯಂತ್ರ ಮೂರು ವಾರದ ಮೇಲೆ "ಸೌಂಡ್ ಸರಿ ಇದೆ" ಎಂಬ ಚೀಟಿಯೊಂದಿಗೆ ಹಾಗೇ ವಾಪಸು ಬಂದಿತ್ತು.